ಸೌಂಡ್ ಚೆಕ್‌ಗೆ ಆ ಅಮ್ಮನ್ನ ಕರೆದೇ ಇರ್ಲಿಲ್ಲ

ಕೋಲಾರದಲ್ಲಿ ನಮ್ದೊಂದು ಸಣ್ಣ ಸೌಂಡ್ಸ್ ಇದೆ, ಹದಿನೇಳು ವರ್ಷ ಆಯ್ತು. ಮದುವೆ, ಊರಬ್ಬ, ಗಣೇಶ, ಸ್ಕೂಲ್ ಡೇ, ಎಲೆಕ್ಷನ್ ಭಾಷಣ, ಏನ್ ಬಂದ್ರೂ ಮಾಡ್ತೀವಿ. ಇದರ ಮಧ್ಯೆ ವರ್ಷಕ್ಕೆ ಎರಡೋ ಮೂರೋ ಸಹಾಯಾರ್ಥ ಪ್ರೋಗ್ರಾಂ ಬರುತ್ತೆ, ಯಾರಿಗೋ ಡಯಾಲಿಸಿಸ್ಸು, ಇನ್ಯಾರದೋ ಮಗೂಗೆ ಹಾರ್ಟ್ ಆಪರೇಷನ್ನು, ಹಿಂಗೆ. ಇಲ್ಲೇ ಸುತ್ತಮುತ್ತ ಇರೋ ತಮಟೆಯೋರು, ತತ್ವಪದದೋರು, ಸ್ವಂತ ಹಾಡು ಬರ್ಕೊಂಡು ಗಿಟಾರ್ ಹಿಡ್ಕೊಂಡು ಓಡಾಡೋ ಹುಡುಗರು ಸಂಭಾವನೆ ಕೇಳ್ದೆ ಬಂದು ಹಾಡ್ತಾರೆ, ನಾವು ಡೀಸೆಲ್ ಕಾಸು ಇಸ್ಕೊಂಡು ಸೆಟ್ ಹಾಕ್ತೀವಿ. ಅಂಥ ಒಂದು ಪ್ರೋಗ್ರಾಂನಲ್ಲಿ ನಾನು ಮಾಡಿದ ತಪ್ಪಿನ ವಿಷ್ಯ ಇದು. ಬೇರೆ ಸೌಂಡ್ಸ್‌ನೋರು ಓದಿದ್ರೆ ಉಪಯೋಗ ಆಗ್ಬೋದು, ಇಲ್ಲಾಂದ್ರೆ ನಕ್ಕೊಳ್ಳಿ ಪರವಾಗಿಲ್ಲ.

ಮೂರು ವರ್ಷದ ಹಿಂದೆ ಮೇ ತಿಂಗಳು. ಮೇ 8 ವಿಶ್ವ ಥಲಸ್ಸೀಮಿಯಾ ದಿನ ಅಂತ ಇದೆ, ಅದ್ರ ಹಿಂದಿನ ಭಾನುವಾರ ಪ್ರೋಗ್ರಾಂ ಇಟ್ಟಿದ್ರು. ಆ ಕಾಯಿಲೆ ಹೆಸರು ನಾನು ಕೇಳಿದ್ದೇ ಆವತ್ತು. ಆ ಮಕ್ಕಳ ಮೈಯಲ್ಲಿ ಸರಿಯಾದ ಹಿಮೋಗ್ಲೋಬಿನ್ ತಯಾರಾಗಲ್ವಂತೆ, ಎರಡರಿಂದ ನಾಲ್ಕು ವಾರಕ್ಕೊಂದ್ಸಲ ಬೇರೆಯೋರ ರಕ್ತ ಹಾಕಿಸ್ಲೇಬೇಕು, ಅಸ್ಥಿಮಜ್ಜೆ ಕಸಿ ಆಗದಿದ್ರೆ ಬದುಕಿರೋವರೆಗೂ. ಹಂಗೆ ಹಾಕ್ತಾ ಹಾಕ್ತಾ ಮೈಯಲ್ಲಿ ಕಬ್ಬಿಣದಂಶ ಸೇರ್ಕೊಂಡು ಹಾರ್ಟು ಲಿವರ್ ಕೆಡುತ್ತೆ, ಅದನ್ನ ಹೊರಗೆ ಹಾಕೋಕೆ ಬೇರೆ ದಿನಾ ಮಾತ್ರೆ. ಸರ್ಕಾರದ ರೂಲ್ಸ್ ಪ್ರಕಾರ ಈ ಮಕ್ಕಳಿಗೆ ರಕ್ತ ಫ್ರೀ, ಆದ್ರೆ ರಕ್ತ ಇರ್ಬೇಕಲ್ಲ? ಬೇಸಿಗೇಲಿ ಕಾಲೇಜೆಲ್ಲ ರಜಾ, ಕ್ಯಾಂಪ್ ನಡೆಯಲ್ಲ, ಕೊಡೋರು ಕಮ್ಮಿ, ಕೊಟ್ಟಿದ್ನ ಕೂಡಿಡೋಣ ಅಂದ್ರೆ ಕೆಂಪು ರಕ್ತಕಣ ಫ್ರಿಡ್ಜಲ್ಲಿಟ್ರೂ 35ರಿಂದ 42 ದಿನ ಅಷ್ಟೇ. ಇಲ್ಲಿಂದ ಬೆಂಗಳೂರು ಎಪ್ಪತ್ತು ಕಿಲೋಮೀಟರ್ ಹತ್ರ, ತಿಂಗಳಿಗೆ ಒಂದೋ ಎರಡೋ ಸಲ ಮಗೂನ ಎತ್ಕೊಂಡು ಬಸ್ಸಲ್ಲಿ ಹೋಗ್ಬೇಕು, ಆವತ್ತಿನ ಕೂಲಿ ಹೋಯ್ತು. ಇಷ್ಟೂ ನಂಗೆ ಹೇಳಿದ್ದು ಬೆಳಗ್ಗೆ ರಕ್ತದಾನ ಕ್ಯಾಂಪಿಗೆ ಬಂದಿದ್ದ ಒಬ್ಬ ಲ್ಯಾಬ್ ಟೆಕ್ನಿಷಿಯನ್ನು. ನಾನೂ ಕೊಟ್ಟೆ, 350 ಎಂಎಲ್, ಬಾಕ್ಸ್ ಇಳಿಸ್ದೆ ತಪ್ಪಿಸ್ಕೊಂಡೆ ಅಂತ ನಮ್ಮ ಹುಡುಗ್ರು ಬೈಕೊಂಡ್ರು.

ಜಾಗದ್ದು ಮೊದ್ಲೇ ಒಂದು ಗಲಾಟೆ ಆಗಿತ್ತು. ಆಸ್ಪತ್ರೆ ಎದುರಿಗಿನ ಗ್ರೌಂಡಲ್ಲೇ ಮಾಡೋಣ, ಜನಕ್ಕೆ ಮನಸ್ಸಿಗೆ ತಟ್ಟುತ್ತೆ ಅಂತ ಆರ್ಗನೈಸರ್ ಹುಡುಗ್ರ ಪ್ಲಾನು. ಆಸ್ಪತ್ರೆ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಕಣಪ್ಪ, ಒಳಗೆ ಮಲಗಿರೋ ರೋಗಿ ಕಿವೀಗೆ ಬೇಸ್ ಹೊಡೆದು ರೋಗಿಗಳಿಗೆ ಅಂತ ದುಡ್ಡೆತ್ತೋದಾ ಅಂದೆ. ಸುಮ್ಮನಾದ್ರು. ಕೊನೆಗೆ ಊರಾಚೆ ಒಂದು ಹಾಲ್ ಸಿಕ್ತು.

ಮಧ್ಯಾಹ್ನ ಎರಡಕ್ಕೆ ಸೆಟ್ ಹಾಕಿದ್ವಿ. ಗಿಟಾರ್ ಹುಡುಗ್ರು ನಾಲ್ಕು ಜನ, ಇಬ್ರು ನರಸಾಪುರದ ಫ್ಯಾಕ್ಟರೀಲಿ ಕೆಲಸ, ಒಬ್ಬ ಮೊಬೈಲ್ ಅಂಗಡಿ, ಇನ್ನೊಬ್ಬ ಕಾಲೇಜು. ಅವರಿಗೇ ಒಂದೂವರೆ ಗಂಟೆ ಸೌಂಡ್ ಚೆಕ್ ಕೊಟ್ಟೆ, ಅಂದ್ರೆ ಪ್ರೋಗ್ರಾಂಗೆ ಮುಂಚೆ ಒಬ್ಬೊಬ್ರ ಮೈಕೂ ಸೌಂಡೂ ಹೊಂದಿಸೋದು. ಅಣ್ಣಾ ಮಾನಿಟರಲ್ಲಿ (ಹಾಡೋರ ಕಡೆ ಮುಖ ಮಾಡಿ ಇಡೋ ಸ್ಪೀಕರ್) ನನ್ ವಾಯ್ಸ್ ಸ್ವಲ್ಪ, ಅಣ್ಣಾ ಗಿಟಾರ್ ಸ್ವಲ್ಪ, ಅಣ್ಣಾ ಎಕೋ ಇನ್ನೊಂಚೂರು. ಕೊಟ್ಟೆ. ತಮಟೆಯೋರು ಆರು ಜನ ಬಂದ್ರು, ಕಾಯಿಸೋಕೆ ಬೆಂಕಿ ಬೇಕು ಅಂದ್ರು, ಹಾಲ್‌ನೋರು ಒಳಗೂ ಬೇಡ ಪಾರ್ಕಿಂಗಲ್ಲೂ ಬೇಡ ಅಂದ್ಬಿಟ್ರು. ತಮಟೆ ಚರ್ಮ ಬಿಸಿ ಆಗ್ಲಿಲ್ಲ ಅಂದ್ರೆ ನಾದ ಎಲ್ಲಿಂದ ಬರುತ್ತೆ? ಕಾಂಪೌಂಡಿಂದಾಚೆ ರಸ್ತೆ ಪಕ್ಕ ಹಳೇ ಪೇಪರ್ರು ಒಣಹುಲ್ಲು ಹಚ್ಕೊಂಡು ಕಾಯಿಸಿದ್ರು, ಅಲ್ಲಿಂದ ಸ್ಟೇಜಿಗೆ ಬರೋ ಹೊತ್ತಿಗೆ ಅರ್ಧ ಬಿಸಿ ಹೋಗಿತ್ತು. (ಪಕ್ಕದ ಚಿಂತಾಮಣಿ ತಾಲೂಕು ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನೋರಿಗೆ ತಮಟೆಗೇ 2023ರಲ್ಲಿ ಪದ್ಮಶ್ರೀ ಬಂತು, ಆದ್ರೂ ಇವತ್ತಿಗೂ ತಮಟೆ ಅಂದ್ರೆ ಗೆಸ್ಟ್‌ನ ಗೇಟಿಂದ ಸ್ಟೇಜಿಗೆ ಕರ್ಕೊಂಡು ಬರೋಕೆ ಐದು ನಿಮಿಷ ಅಂತಲೇ ಲೆಕ್ಕ.) ಆಮೇಲೆ ತತ್ವಪದದ ಹೆಣ್ಣುಮಕ್ಕಳು, ತಂಬೂರಿ, ತಾಳ, ಒಂದು ಹಾರ್ಮೋನಿಯಂ. ಕೈವಾರ ತಾತಯ್ಯನ ಪದ ಎತ್ಕೊಂಡ್ರೆ ಮೈಕ್ ಇಲ್ದೇನೂ ನಡೆಯುತ್ತೆ ಅಂಥ ಗಂಟಲು. ಎಲ್ಲರದೂ ಚೆಕ್ ಆಯ್ತು. ನಾನು ಟೀ ಕುಡಿಯೋಕೆ ಹೋದೆ.

ಒಬ್ರದ್ದು ಮಾತ್ರ ಚೆಕ್ ಆಗಿರ್ಲಿಲ್ಲ. ಆ ಕಾಯಿಲೆ ಇರೋ ಎಂಟು ವರ್ಷದ ಹುಡುಗನ ತಾಯಿ, ಬಂಗಾರಪೇಟೆ ಕಡೆಯೋರು, ಟೊಮೆಟೊ ಮಂಡೀಲಿ ಕೂಲಿ. ಹುಡುಗ್ರದು ಎರಡು ಹಾಡಾದ್ಮೇಲೆ ಇವರು ಎರಡು ಮಾತಾಡ್ತಾರೆ, ಆಮೇಲೆ ಡಬ್ಬಿ ತಿರುಗಿಸೋದು ಅಂತ ಲಿಸ್ಟಲ್ಲಿತ್ತು. ನೋಡಿದ್ದೆ. ಭಾಷಣ ತಾನೆ, ಅದಕ್ಕೇನು ಚೆಕ್ಕು ಅನ್ಕೊಂಡಿದ್ದೆ.

ಆಯಮ್ಮ ಸ್ಟೇಜಿಗೆ ಬಂದ್ರು, ಮಗ ಸೆರಗು ಹಿಡ್ಕೊಂಡಿದ್ದ. ಗಿಟಾರ್ ಹುಡುಗ ತಾನು ಹಾಡ್ತಿದ್ದ ಮೈಕನ್ನೇ ತೆಗೆದು ಕೈಗೆ ಕೊಟ್ಟ. ಅದಕ್ಕೆ ನಾನು ಹಾಕಿದ್ದ ಎಕೋ ಹಂಗೇ ಇತ್ತು. ಅವರು ಮೈಕನ್ನ ಎದೆಯಿಂದ ಕೆಳಗೆ, ದೇವಸ್ಥಾನದಲ್ಲಿ ತೆಂಗಿನಕಾಯಿ ಹಿಡ್ಕೊಂಡಂಗೆ ಎರಡೂ ಕೈಯಲ್ಲಿ ತಲೆ ಮುಚ್ಚಿ ಹಿಡ್ಕೊಂಡ್ರು, "ನನ್ ಮಗೂಗೆ" ಅಂದ್ರು, ಅದು ಹಾಲೆಲ್ಲಾ ಮಗೂಗೆ, ಗೂಗೆ, ಗೆ, ಗೆ ಅಂತ ತಿರುಗ್ತು. ಹಿಂದಿನ ಸಾಲಲ್ಲಿ ಯಾರೋ ಕಿಸಕ್ ಅಂದ್ರು. ಮುಂದಿನ ಮಾತು ಕೇಳಿಸ್ಲೇ ಇಲ್ಲ, ನಾನು ಗಾಬ್ರೀಲಿ ಎಕೋ ತೆಗೆಯೋದು ಬಿಟ್ಟು ಗೇನ್ ಎತ್ತಿದೆ, ಅಂದ್ರೆ ಮೈಕ್ ಎಳ್ಕೊಳ್ಳೋ ಸೌಂಡ್ ಜಾಸ್ತಿ ಮಾಡಿದೆ. ಕುಂಯ್ಯ್ ಅಂತ ಕೂಗ್ತು ನೋಡಿ, ಆ ಹುಡುಗ ಎರಡೂ ಕಿವಿ ಮುಚ್ಕೊಂಡು ಕೂತ್ಬಿಟ್ಟ. ಆಯಮ್ಮ ಮೈಕನ್ನ ಬಗ್ಗಿ ಸ್ಟೇಜ್ ಮೇಲೆ ಇಟ್ರು, ಧಡ್ ಅಂತು, ಅದೂ ಎಕೋ ಜೊತೆಗೇ. ಕೈ ಮುಗಿದು ಮಗನ್ನ ಎಬ್ಬಿಸ್ಕೊಂಡು ಇಳಿದು ಹೋದ್ರು.

ಇಷ್ಟೇ ಆಗಿದ್ದು. ನಿರೂಪಣೆ ಮಾಡೋ ಮೇಡಮ್ಮು ತಕ್ಷಣ ಮುಂದಿನ ಹಾಡು ಅನೌನ್ಸ್ ಮಾಡಿದ್ರು, ಜನ ಚಪ್ಪಾಳೆನೂ ತಟ್ಟಿದ್ರು, ನಂಗೆ ಯಾರೂ ಏನೂ ಅನ್ಲಿಲ್ಲ. ಪ್ರೋಗ್ರಾಂ ಸೂಪರ್ ಅಂತಾನೇ ಎಲ್ಲ ಹೇಳಿದ್ರು.

ಕಸುಬಿನ ಲೆಕ್ಕದಲ್ಲಿ ಹೇಳೋದಾದ್ರೆ ಇದು ಬಚ್ಚಾ ತಪ್ಪು. ಬಾಯಿಂದ ಮೈಕಿನ ದೂರ ಡಬಲ್ ಆದಾಗೆಲ್ಲ 6 ಡೆಸಿಬಲ್ ಬೀಳುತ್ತೆ, ಹಾಡೋನು ಎರಡಿಂಚಲ್ಲಿ ಹಿಡಿತಾನೆ, ಇವರು ಹದಿನಾರು ಇಂಚಲ್ಲಿ ಹಿಡ್ದಿದ್ರು, ಅಂದ್ರೆ ಮೂರು ಸಲ ಡಬಲ್, 18 ಡೆಸಿಬಲ್ ಢಮಾರ್. ಅದನ್ನ ಗೇನಲ್ಲಿ ತುಂಬ್ಸೋಕೆ ಹೋದ್ರೆ ಕೂಗದೆ ಇನ್ನೇನಾಗುತ್ತೆ, ಅದರ ಮೇಲೆ ಮೈಕ್ ತಲೆ ಮುಚ್ಚಿದ್ರೆ ಹಿಂದಿನ ಶಬ್ದ ತಡೆಯೋ ಕಿಂಡಿನೂ ಬಂದ್, ಎದುರುಗಡೆ ಮಾನಿಟರಿನ ಸೌಂಡೆಲ್ಲ ಸೀದಾ ಒಳಕ್ಕೆ. ಹಾಡೋರಿಗೆ ಇದೆಲ್ಲ ಗೊತ್ತಿರುತ್ತೆ, ನಾನು ಸ್ವಲ್ಪ ತಪ್ಪು ಮಾಡಿದ್ರೂ ಅವರೇ ಸರಿ ಮಾಡ್ಕೊಂಡು ಹೋಗ್ತಾರೆ. ಗೊತ್ತಿಲ್ದೇ ಇರೋರು ಇಡೀ ಪ್ರೋಗ್ರಾಂನಲ್ಲಿ ಒಬ್ರೇ, ಇಡೀ ಪ್ರೋಗ್ರಾಂ ನಡೀತಿದ್ದಿದ್ದೂ ಅವರಿಗೋಸ್ಕರಾನೇ, ನಾನು ಒಂದೂವರೆ ಗಂಟೆ ಗಿಟಾರ್‌ಗೆ ಕೊಟ್ಟು ಅವರಿಗೆ ಒಂದು ನಿಮಿಷ ಕೊಡ್ಲಿಲ್ಲ.

ಡಬ್ಬಿ ತಿರುಗಿಸಿದ್ದೂ ಹಂಗೇ ಆಯ್ತು. ಹಾಡು ಕೇಳಿ ಖುಷಿಯಾದೋರು ಹತ್ತು ಇಪ್ಪತ್ತು ಹಾಕಿದ್ರು. ಯಾತಕ್ಕೆ ಕೊಡ್ತಿದೀವಿ ಅಂತ ಹೇಳೋರು ಇಳಿದು ಹೋಗಿದ್ರಲ್ಲ. ರಾತ್ರಿ ಹಾಲಲ್ಲೇ ಕೂತು ಲೆಕ್ಕ ಮಾಡಿದ್ರೆ ಬಂದಿದ್ದು ನಲವತ್ತೊಂದು ಸಾವಿರ, ಹಾಲ್ ಬಾಡಿಗೆ, ಜನರೇಟರು, ಫ್ಲೆಕ್ಸು, ಊಟ, ಗೆಸ್ಟ್‌ಗಳಿಗೆ ಪೇಟ ಶಾಲು ಹಾರ, ಎಲ್ಲ ಸೇರಿ ಮೂವತ್ತಾರು. ಶಾಲಿನ ಬಿಲ್ ನೋಡಿ ನಂಗೆ ಉರಿದು ಹೋಯ್ತು. ಅದೇ ಲಿಸ್ಟಲ್ಲಿ ಹಾಡೋರಿಗೆ ಒಂದು ರೂಪಾಯಿ ಇರ್ಲಿಲ್ಲ. ಫ್ರೀಯಾಗಿ ಬರ್ತಾರೆ ಅಂದ್ರೆ ಅವರ ಜೇಬಿಂದ ಹೋಗ್ತಿದೆ ಅಂತ ಅರ್ಥ, ಮಾಲೂರಿಂದ ಬಂದ ಹುಡುಗ ಶಿಫ್ಟ್ ಬಿಟ್ಟು ಒಂದು ದಿನದ ಸಂಬಳ ಕಳ್ಕೊಂಡಿದ್ದ, ತಮಟೆಯೋರು ಆರು ಜನ ಟಾಟಾ ಏಸ್‌ಗೆ ತಾವೇ ಕೊಟ್ಟು ಬಂದಿದ್ರು. ಇವರೆಲ್ಲ ಕೊಡೋ ದಾನ ಯಾವ ರಸೀದೀಲೂ ಬರಲ್ಲ.

ಫೋನಲ್ಲಿ ಕಳಿಸಿದೋರ ದುಡ್ಡು ಬಂದಿದ್ದು ಒಬ್ಬ ಆರ್ಗನೈಸರ್ ಹುಡುಗನ ಫೋನ್‌ಪೇಗೆ, ಅದೊಂದು ಬೇರೆ ತಲೆನೋವು. ನಮ್ಮ ಅಂಗಡಿ ಲೆಕ್ಕ ನೋಡೋ ಆಡಿಟರ್ ಹತ್ರ ಹೇಳಿದ್ದಕ್ಕೆ ನಕ್ಕು, ಅಯ್ಯೋ ಮಾರಾಯ, 1971ರಲ್ಲಿ ನ್ಯೂಯಾರ್ಕಲ್ಲಿ ಸಿತಾರ್ ರವಿಶಂಕರ್, ಬೀಟಲ್ಸ್ ಬ್ಯಾಂಡಿನ ಜಾರ್ಜ್ ಹ್ಯಾರಿಸನ್ ಸೇರಿ ಬಾಂಗ್ಲಾದೇಶದ ನಿರಾಶ್ರಿತರಿಗೆ ಅಂತ ಅಷ್ಟು ದೊಡ್ಡ ಕಾನ್ಸರ್ಟ್ ಮಾಡಿದ್ರಲ್ಲ, ಅದ್ರದ್ದೇ ದುಡ್ಡು ಮೊದಲೇ ಕಾಗದಪತ್ರ ಸರಿ ಮಾಡ್ಕೊಳ್ದೆ ಟ್ಯಾಕ್ಸಿನೋರ ಹತ್ರ ವರ್ಷಗಟ್ಲೆ ಸಿಕ್ಕಾಕೊಂಡಿತ್ತು, ನಿಮ್ದೇನು ಬಿಡಿ ಅಂದ್ರು. ಆವತ್ತಿಂದ ಯಾರು ಬಂದ್ರೂ ಮೊದ್ಲು ಕೇಳೋದು ಕ್ಯೂಆರ್ ಕೋಡ್ ಯಾರ ಹೆಸರಲ್ಲಿದೆ ಅಂತ. ಟ್ರಸ್ಟ್ ಹೆಸರಲ್ಲಿ ಇಲ್ಲ ಅಂದ್ರೆ ಸೆಟ್ ಬರಲ್ಲ. ಟ್ಯಾಕ್ಸಿಗೆ ತೋರ್ಸೋಕೆ ದಾನದ ರಸೀದಿ ಬೇಕು ಅನ್ನೋರು 2000ಕ್ಕಿಂತ ಜಾಸ್ತಿ ಕ್ಯಾಶ್ ಕೊಟ್ರೆ ಟ್ಯಾಕ್ಸಲ್ಲಿ ವಿನಾಯಿತಿ ಸಿಗಲ್ಲ, ಅದನ್ನೂ ಸ್ಟೇಜಿಂದಾನೇ ಹೇಳಿಸ್ತೀನಿ. ಇನ್ನೊಂದು, ಟಿಕೆಟ್ ಇಟ್ಟು ಸಿನಿಮಾ ಹಾಡು ಹಾಡಿಸಿದ್ರೆ ಐಪಿಆರ್‌ಎಸ್ (ಹಾಡು ಬರೆದೋರು, ರಾಗ ಹಾಕಿದೋರ ಹಕ್ಕು ನೋಡ್ಕೊಳ್ಳೋ ಸಂಸ್ಥೆ) ಲೈಸೆನ್ಸ್ ತಗೋಬೇಕು, ಇದು ಎಷ್ಟೋ ಆರ್ಕೆಸ್ಟ್ರಾದೋರಿಗೇ ಗೊತ್ತಿಲ್ಲ. ಸ್ವಂತ ಹಾಡು ಹಾಡೋ ಹುಡುಗ್ರು, ತತ್ವಪದದೋರು ಆದ್ರೆ ಆ ತಾಪತ್ರಯ ಇಲ್ಲ. ಜನ ಬರ್ತಾರಾ ಅಂತ ಕೇಳ್ತಾರೆ, ಬರ್ತಾರೆ, ಹಾಡೋರ ಓಣಿಯೋರು, ನೆಂಟರು, ಫ್ಯಾಕ್ಟರಿ ಫ್ರೆಂಡ್ಸು ಬಂದ್ರೇ ಇನ್ನೂರು ಜನ.

ಮಾರನೇ ವರ್ಷ ಅದೇ ಆರ್ಗನೈಸರ್ ಹುಡುಗ್ರು ಮತ್ತೆ ಬಂದ್ರು. ಈ ಸಲ ಬೇಸ್ ಬಾಕ್ಸ್ ತರಲ್ಲ ಅಂದೆ, ಮುಖ ಸಣ್ಣ ಮಾಡಿದ್ರು. ಇಲ್ಲೇ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ಹಾಡು ಕಾರ್ಯಕ್ರಮ ನೋಡಿದೋರಿಗೆ ಗೊತ್ತು, ನೆಲದ ಮೇಲೆ ಕೂತು ಕೇಳೋ ಜನಕ್ಕೆ ಎದೆ ನಡುಗೋ ಸೌಂಡ್ ಬೇಕಾಗಿಲ್ಲ. ಜನದ ಕಡೆಗೆ ಎರಡು ಟಾಪ್ ಸ್ಪೀಕರು, ಎರಡು ಮಾನಿಟರು. ತಮಟೆಗೆ ಮೈಕೇ ಬೇಡ ಅಂತ ಬಯಲಲ್ಲೇ ಮಾಡಿಸ್ದೆ, ಸ್ಟೇಜ್ ಪಕ್ಕದಲ್ಲೇ ಬೆಂಕಿ, ಕಾಯಿಸಿದ ಬಿಸಿಗೇ ಬಂದು ಬಾರಿಸಿದ್ರು, ಪೂರ್ತಿ ಅರ್ಧ ಗಂಟೆ. ಶಾಲಿನ ದುಡ್ಡು ತೆಗೆದು ಎಲ್ಲಾ ಹಾಡೋರಿಗೂ ಗಾಡಿ ಖರ್ಚು ಮೊದಲೇ ಕವರಲ್ಲಿ ಹಾಕಿ ಕೊಟ್ಟಿದ್ದು, ಗಿಟಾರ್ ಹುಡುಗ ಅದನ್ನ ವಾಪಸ್ ಡಬ್ಬಿಗೇ ಹಾಕ್ದ, ಹಾಕ್ಬೇಡ ಅಂತ ಬೈದೆ, ಕೇಳ್ಲಿಲ್ಲ.

ಆಯಮ್ಮ ಬರಲ್ಲ ಅಂದಿದ್ರಂತೆ. ನಾನೇ ಫೋನ್ ಮಾಡಿ, ಅಕ್ಕಾ ಹೋದ್ಸಲ ತಪ್ಪು ನಿಮ್ದಲ್ಲ, ಮಿಷನ್ ನನ್ ಕೈಯಲ್ಲಿತ್ತು ಅಂದೆ. ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ, ಆಮೇಲೆ, ಅದು ನಂಗೆ ಹಿಡ್ಕೊಳ್ಳೋಕೆ ಬರ್ಲಿಲ್ಲ ಅನ್ಕೊಂಡಿದ್ನಪ್ಪ ಅಂದ್ರು. ವರ್ಷ ಪೂರ್ತಿ ಹಂಗೇ ಅನ್ಕೊಂಡಿದ್ರು.

ಮೂರೂವರೆಗೆ ಬಂದ್ರು, ಇನ್ನೂ ಯಾರೂ ಇರ್ಲಿಲ್ಲ. ಕುರ್ಚಿ ಹಾಕಿ, ಕೈಗೆ ಏನೂ ಕೊಡ್ದೆ ಮುಂದೆ ಸ್ಟ್ಯಾಂಡಲ್ಲಿ ಬೇರೇನೇ ಒಂದು ಮೈಕ್ ಇಟ್ಟೆ, ಅದಕ್ಕೆ ಎಕೋ ಕನೆಕ್ಷನ್ನೇ ಕೊಟ್ಟಿಲ್ಲ, ಕೆಳಗಿನ ಗುಮ್ಮು ಕಟ್ ಮಾಡಿದೆ, ಮುಂದಿನ ಮಾನಿಟರ್ ಬಂದ್. ಏನಾದ್ರೂ ಮಾತಾಡಿ ಅಕ್ಕಾ ಅಂದ್ರೆ ಏನ್ ಮಾತಾಡ್ಲಿ ಅಂದ್ರು. ಇವತ್ತು ಮಂಡೀಲಿ ಟೊಮೆಟೊ ರೇಟ್ ಎಷ್ಟು ಅಂತ ಕೇಳ್ದೆ. ಶುರು ಮಾಡಿದ್ರು ನೋಡಿ, ಬಾಕ್ಸಿಗೆ ಎಷ್ಟು, ದಲ್ಲಾಳಿ ಎಷ್ಟು ತಿಂತಾನೆ, ಅರ್ಧ ಕನ್ನಡ ಅರ್ಧ ತೆಲುಗು, ಹತ್ತು ನಿಮಿಷ. ಅಷ್ಟರಲ್ಲಿ ನನ್ನ ಲೆವೆಲ್ ಸೆಟ್ ಆಯ್ತು. ಸಂಜೆ ಪ್ರೋಗ್ರಾಂನಲ್ಲೂ ಹಂಗೇ ಮಾತಾಡಿದ್ರು, ಬೆಳಗ್ಗೆ ಎಷ್ಟೊತ್ತಿಗೆ ಬಸ್ಸು, ಬಾಟ್ಲಿ ಇಳಿಯೋಕೆ ಎಷ್ಟು ಗಂಟೆ, ರಕ್ತ ಇಲ್ಲ ನಾಳೆ ಬನ್ನಿ ಅಂದಾಗ ಎಲ್ಲಿ ಮಲಗ್ತಾರೆ. ಸೌಂಡ್ ಏರಿಸಿ ಇಳಿಸೋ ಫೇಡರ್ ಮೇಲಿಂದ ನಾನು ಬೆರಳು ತೆಗೀಲೇ ಇಲ್ಲ. ಆವತ್ತು ಡಬ್ಬಿ ಎಷ್ಟು ತುಂಬ್ತು ಅನ್ನೋದು ಟ್ರಸ್ಟಿನೋರ ಲೆಕ್ಕ, ನಂಗೆ ಗೊತ್ತಿರೋದು ಇಷ್ಟು, ಆಮೇಲೆ ರಕ್ತ ಕೊಡೋಕೆ ಹೆಸರು ಬರೆಸಿದೋರ ಕ್ಯೂ ನನ್ನ ಮಿಕ್ಸರ್ ಟೇಬಲ್ ದಾಟಿ ಹೋಗಿತ್ತು, ಕೇಬಲ್ ತುಳೀಬೇಡಿ ಅಂತ ಕೂಗಿ ಕೂಗಿ ಗಂಟಲು ಬಿತ್ತು.

ಮೊನ್ನೆ ಮುಳಬಾಗಿಲು ಕಡೆಯಿಂದ ಡಯಾಲಿಸಿಸ್ ರೋಗಿಗಳಿಗೆ ಅಂತ ಒಂದು ಪ್ರೋಗ್ರಾಂಗೆ ಫೋನ್ ಬಂತು. ಕ್ಯೂಆರ್ ಕೋಡ್ ಕೇಳ್ದೆ, ಗಾಡಿ ಖರ್ಚು ಕೇಳ್ದೆ, ಆಮೇಲೆ, ಮಾತಾಡೋ ರೋಗಿ ಯಾರು, ಅವರನ್ನ ಮಧ್ಯಾಹ್ನ ಸೌಂಡ್ ಚೆಕ್‌ಗೆ ಕಳಿಸಿ, ಡಯಾಲಿಸಿಸ್ ಇರೋ ದಿನ ಬೇಡ, ನಾಲ್ಕು ಗಂಟೆ ಮಿಷನ್‌ಗೆ ಕೂತು ಬಂದೋರಿಗೆ ಸುಸ್ತಾಗಿರುತ್ತೆ ಅಂದೆ.

"ಅಣ್ಣಾ, ಅವರು ಹಾಡಲ್ಲ" ಅಂದ.

ಗೊತ್ತು ಕಣಪ್ಪ, ಕಳಿಸು ಅಂದೆ.