ಕಾಶಿಗೆ ಹೊರಟವರಿಗೆ: ಹೊಟ್ಟೆ ಕೆಟ್ಟರೆ ಯಾವ ಮಾತ್ರೆ, ಯಾರಿಗೆ ಬೇಡ

ಕಾಶಿಯಲ್ಲಿ ಮೂರನೇ ದಿನ ಅಪ್ಪ ಬೆಳಗಿನ ಜಾವ ನಾಲ್ಕಕ್ಕೆ ಎದ್ದರು. ಗಂಗಾಸ್ನಾನಕ್ಕಲ್ಲ. ಆರು ಗಂಟೆಯೊಳಗೆ ಐದು ಸಲ ಬಾತ್‌ರೂಮಿಗೆ ಹೋಗಿ ಬಂದು, ಹೊಟ್ಟೆ ನುಲೀತಿದೆ ಅಂತ ಮೊಣಕಾಲು ಮಡಚಿಕೊಂಡು ಮಂಚದ ಮೇಲೆ ಮುದುರಿ ಮಲಗಿಬಿಟ್ಟರು. ಹಿಂದಿನ ಸಂಜೆ ಗೋದೌಲಿಯಾದಲ್ಲಿ ಕಚೋರಿ ತಿಂದಿದ್ದೆವು. ಕಚೋರಿ ಮೇಲೆ ನನಗೆ ಅನುಮಾನ ಇಲ್ಲ, ಕಣ್ಣೆದುರೇ ಬಾಣಲೆಯಿಂದ ತೆಗೆದು ಕೊಟ್ಟಿದ್ದು. ಜೊತೆಗಿದ್ದ ಹಸಿ ಪುದೀನ ಚಟ್ನಿ, ಆಮೇಲೆ ಕುಡಿದ ಲಸ್ಸಿಗೆ ಹಾಕಿದ ಐಸ್, ಎರಡರಲ್ಲಿ ಒಂದು. ನಾನು ಎರಡನ್ನೂ ಮುಟ್ಟಿರಲಿಲ್ಲ.

ನಮ್ಮ ಹತ್ತಿರ ಮಾತ್ರೆ ಇರಲಿಲ್ಲ. ಸಂಘಮಿತ್ರ ರೈಲಲ್ಲಿ ಎರಡು ದಿನ ಕೂತು ಬರುವವರು ಚಕ್ಕುಲಿ, ಕೋಡುಬಳೆ, ಚಟ್ನಿಪುಡಿ ಎಲ್ಲ ಕಟ್ಟಿಕೊಂಡಿದ್ದೆವು, ಒಂದು ಓಆರ್‌ಎಸ್ ಪೊಟ್ಟಣ ಬಿಟ್ಟು. ಓಡಿ ಹೋಗಿ ಹತ್ತಿರದ ಮೆಡಿಕಲ್ ಶಾಪಲ್ಲಿ ಕೈಸನ್ನೆ ಮಾಡಿ ಹೇಳಿದೆ. ಅವನು ಎರಡು ತರದ ಮಾತ್ರೆ ಕತ್ತರಿಸಿ ಕೊಟ್ಟ: ಒಂದು ಆಂಟಿಬಯಾಟಿಕ್, ಇನ್ನೊಂದು ಹೊಟ್ಟೆ ನುಲಿತಕ್ಕೆ, ಡೈಸೈಕ್ಲೋಮಿನ್ ಇರುವಂಥದ್ದು. ಯಾರಿಗೆ, ವಯಸ್ಸೆಷ್ಟು ಅಂತ ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನೋವು ಇಳಿಯಿತು. ಎರಡನೇ ಡೋಸ್ ಕೊಟ್ಟೆ. ಸಂಜೆ ಅಮ್ಮ "ಇವರು ಬೆಳಿಗ್ಗೆಯಿಂದ ಒಂದಕ್ಕೇ ಹೋಗಿಲ್ಲ ಕಣೋ" ಅಂದಾಗ, ಮೈಯಲ್ಲಿ ನೀರು ಕಮ್ಮಿಯಾಗಿದೆ ಬಿಡು ಅಂದುಕೊಂಡೆ. ರಾತ್ರಿ ಒಂಬತ್ತಕ್ಕೆ ಹೊಕ್ಕುಳ ಕೆಳಗೆ ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಆಸ್ಪತ್ರೆಯಲ್ಲಿ ಟ್ಯೂಬ್ ಹಾಕಿದರು, ಚೀಲ ತುಂಬುತ್ತಾ ಬಂತು, ಅಪ್ಪನ ಮುಖದಲ್ಲಿ ಬಣ್ಣ ಬಂತು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ಪ್ರಾಸ್ಟೇಟ್ ತೊಂದರೆ ಇದೆಯಾ? ಇದೆ. ಎಪ್ಪತ್ತೊಂದು ವರ್ಷದ ಅಪ್ಪ ಮೂರು ವರ್ಷದಿಂದ ಅದಕ್ಕೆ ದಿನಾ ಮಾತ್ರೆ ತಗೋತಾರೆ.

ವಿಷಯ ಇಷ್ಟೇ. ಡೈಸೈಕ್ಲೋಮಿನ್ ಕರುಳಿಗೆ ಹೋಗುವ ನರದ ಸಂದೇಶ ತಡೆದು ಸೆಳೆತ ಬಿಡಿಸುತ್ತದೆ. ಮೂತ್ರಚೀಲ ಹಿಂಡಿಕೊಳ್ಳುವುದಕ್ಕೂ ಅದೇ ತರದ ಸಂದೇಶ ಬೇಕು. ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗಿ ಮೂತ್ರದ ದಾರಿ ಮೊದಲೇ ಕಿರಿದಾಗಿರುವ ಗಂಡಸರಿಗೆ ಅದೂ ನಿಂತರೆ ಎಲ್ಲ ಬಂದ್. ನುಲಿತಕ್ಕೇ ಕೊಡುವ ಹಯೋಸಿನ್ ಇರುವ ಮಾತ್ರೆಯದ್ದೂ ಇದೇ ಕಥೆ. ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ) ಇರುವವರೂ ಡಾಕ್ಟರನ್ನು ಕೇಳದೆ ಇವನ್ನು ತಗೋಬಾರದು. ಅಪ್ಪನಿಗೆ ಆಮೇಲೆ ಕೊಟ್ಟಿದ್ದು ಡ್ರೊಟಾವೆರಿನ್. ಅದು ಬೇರೆ ದಾರಿಯಲ್ಲಿ ಸೆಳೆತ ಬಿಡಿಸುತ್ತದೆ, ಆದರೆ ಹೃದಯ, ಕಿಡ್ನಿ, ಲಿವರ್ ತೀರಾ ಕೆಟ್ಟವರಿಗೆ ಅದೂ ಬೇಡ. ಹಾಗಾಗಿ ಊರು ಬಿಡುವ ಮೊದಲೇ ಮನೆ ಡಾಕ್ಟರ ಹತ್ತಿರ ಹೋಗಿ, ನಮ್ಮಪ್ಪನಿಗೆ ಹೊಟ್ಟೆ ನುಲಿದರೆ ಯಾವುದು ಕೊಡಲಿ ಅಂತ ನೇರವಾಗಿ ಕೇಳಿ ಬರೆಸಿಕೊಳ್ಳಿ. ಹಾಗೇ ಬಿಪಿ, ಶುಗರ್ ಮಾತ್ರೆಗಳದ್ದೂ ಕೇಳಿ. ಭೇದಿಯಾಗಿ ನೀರು ಕಮ್ಮಿಯಾದಾಗ ಅವುಗಳಲ್ಲಿ ಕೆಲವನ್ನು ನಿಲ್ಲಿಸಬೇಕಾಗುತ್ತದೆ, ಯಾವುದು ಅಂತ ಅವರೇ ಹೇಳಬೇಕು.

ಇನ್ನೊಂದು, ನುಲಿತದ ಮಾತ್ರೆಗಳು ನಮ್ಮಲ್ಲಿ ಜಾಸ್ತಿ ಜೋಡಿಯಾಗೇ ಬರುತ್ತವೆ. ಮೆಫ್ಟಾಲ್ ಸ್ಪಾಸ್‌ನಲ್ಲಿ ಡೈಸೈಕ್ಲೋಮಿನ್ ಜೊತೆ ಮೆಫೆನಾಮಿಕ್ ಆಸಿಡ್ ಅನ್ನೋ ನೋವಿನ ಮಾತ್ರೆ ಸೇರಿದೆ. ಮೈಯಲ್ಲಿ ನೀರಿಲ್ಲದಾಗ ಅದು ಕಿಡ್ನಿಗೆ ಒಳ್ಳೆಯದಲ್ಲ. ಸೈಕ್ಲೋಪಾಮ್‌ನಲ್ಲಿ ಡೈಸೈಕ್ಲೋಮಿನ್ ಜೊತೆ ಪ್ಯಾರಾಸಿಟಮಾಲ್ ಇದೆ, ಅದರ ಮೇಲೆ ಇನ್ನೊಂದು ಡೋಲೊ ನುಂಗಬೇಡಿ, ಅದೂ ಪ್ಯಾರಾಸಿಟಮಾಲೇ. ಸ್ಟ್ರಿಪ್ ಹಿಂದಿನ ಸಣ್ಣ ಅಕ್ಷರ ಓದಿ, ಫೋನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿಕೊಂಡಾದರೂ ಓದಿ.

ಭೇದಿ ನಿಲ್ಲಿಸುವ ಮಾತ್ರೆ ಬೇರೆ, ಲೋಪೆರಮೈಡ್. ಇದನ್ನು ನಾನು ರೈಲಿನ ಮಾತ್ರೆ ಅಂತೀನಿ. ಟಾಯ್ಲೆಟ್ ಮುಂದೆ ಕ್ಯೂ ಇದ್ದಾಗ ದೊಡ್ಡವರಿಗೆ ನಿಜಕ್ಕೂ ಉಪಕಾರಿ. ಮೊದಲು 2 ಮಿಲಿಗ್ರಾಂನ ಎರಡು, ಆಮೇಲೆ ಪ್ರತಿ ಸಲ ನೀರಾಗಿ ಹೋದ ಮೇಲೆ ಒಂದು, ಡಾಕ್ಟರ್ ಹೇಳದೆ ದಿನಕ್ಕೆ ನಾಲ್ಕು ದಾಟಬಾರದು. ಜ್ವರ ಇದ್ದರೆ, ರಕ್ತ ಬಿದ್ದರೆ ಮುಟ್ಟಲೇಬೇಡಿ. ಕರುಳಿನ ಓಟ ನಿಂತರೆ ಒಳಗಿನ ವಿಷ ಒಳಗೇ ಉಳಿಯುತ್ತದೆ. ಮಕ್ಕಳಿಗಂತೂ ಬೇಡವೇ ಬೇಡ. ಅವರಿಗೆ ಓಆರ್‌ಎಸ್, ಜೊತೆಗೆ ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ ಜಿಂಕ್, ಭೇದಿ ನಿಂತ ಮೇಲೂ ಸೇರಿಸಿ ಒಟ್ಟು 14 ದಿನ.

ಆಂಟಿಬಯಾಟಿಕ್ ಬಗ್ಗೆ ನನಗೆ ಸಿಟ್ಟೇ ಇದೆ. ಉತ್ತರ ದಕ್ಷಿಣ ಅನ್ನದೆ ಎಲ್ಲ ಕಡೆ ಕೇಳದೇ ಇದ್ದರೂ ಆಫ್ಲೋಕ್ಸಾಸಿನ್, ಆರ್ನಿಡಜೋಲ್ ಜೋಡಿ ಕೈಗೆ ಹಾಕುತ್ತಾರೆ. ಬರೀ ನೀರಾಗಿ ಹೋಗುವ ಭೇದಿ ಸಾಮಾನ್ಯವಾಗಿ ಕೆಲವು ದಿನದಲ್ಲಿ ತಾನೇ ನಿಲ್ಲುತ್ತದೆ. ರಕ್ತ, ಜ್ವರ, ನಿಲ್ಲದ ವಾಂತಿ, ಎದ್ದರೆ ತಲೆ ಸುತ್ತುವುದು, ಇವಿದ್ದರೆ ಮೆಡಿಕಲ್ ಶಾಪಲ್ಲ, ಡಾಕ್ಟರೇ ಬೇಕು.

ಎಲ್ಲಕ್ಕಿಂತ ಮೊದಲು ಓಆರ್‌ಎಸ್. 1971ರ ಬಾಂಗ್ಲಾ ಯುದ್ಧದ ವೇಳೆ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದು ಸಲೈನ್ ಖಾಲಿಯಾದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರು ಕುಡಿಸಿಯೇ ಜನರನ್ನು ಉಳಿಸಿದ್ದು. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ, ಚಿಕ್ಕದು 200 ಮಿಲಿಲೀಟರಿಗೆ. ಪೂರ್ತಿ ಸುರಿಯಿರಿ, ಉಪ್ಪುಪ್ಪು ಅಂತ ಅರ್ಧ ಹಾಕಿದರೆ ಲೆಕ್ಕ ತಪ್ಪುತ್ತದೆ. ಬೆರೆಸಿದ್ದನ್ನು 24 ಗಂಟೆ ಆದಮೇಲೆ ಚೆಲ್ಲಿ. ಕಿತ್ತಳೆ ಬಣ್ಣದ ಸಿಹಿ ಟೆಟ್ರಾ ಪ್ಯಾಕ್‌ಗಳನ್ನು ನಂಬಬೇಡಿ, ಅಸಲಿ ಸೂತ್ರ ಅಲ್ಲದ್ದಕ್ಕೆ ಓಆರ್‌ಎಸ್ ಹೆಸರು ಹಾಕಬಾರದು ಅಂತ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಹೇಳಬೇಕಾಗಿ ಬಂತು. ಊಟಕ್ಕೆ ಗಂಜಿ. ನಾವಿದ್ದ ಕಡೆ ಅಡುಗೆಯವರಿಗೆ ಗಂಜಿ ಅಂದರೆ ಅರ್ಥ ಆಗಲಿಲ್ಲ, ಖಿಚಡಿಯನ್ನೇ ತೆಳ್ಳಗೆ ಮಾಡಿಸಿಕೊಂಡೆವು.

ಹಿಂದಿ ಬರದವರು ಮೂರು ಮಾತು ಕಲಿತು ಹೋಗಿ, ನನ್ನ ಹಾಗೆ ಕೈಸನ್ನೆ ಮಾಡಬೇಡಿ. ಭೇದಿಗೆ 'ದಸ್ತ್', ಹೊಟ್ಟೆ ನುಲಿತಕ್ಕೆ 'ಪೇಟ್ ಮೇ ಮರೋಡ್', ರಕ್ತ ಬಿದ್ದರೆ 'ಖೂನ್'. ಜೊತೆಗೆ ಮನೆಯವರು ದಿನಾ ತಗೊಳ್ಳುವ ಮಾತ್ರೆಗಳ ಹೆಸರು ಬರೆದ ಚೀಟಿ. ನಮ್ಮದು ಈಗ ಅಪ್ಪನ ಪರ್ಸಲ್ಲೇ ಇರುತ್ತದೆ, ವಿಶ್ವನಾಥನ ಭಸ್ಮದ ಪೊಟ್ಟಣದ ಪಕ್ಕ.