ನಂಬರ್ ಪ್ಲೇಟೇ ಇಲ್ಲದ ಮೇಲೆ ಯಾರ ಭಯ?

ಬೆಂಗಳೂರಿನ ಫುಟ್‌ಪಾತ್ ಮೇಲೆ ನಡೆಯುವಾಗಲೂ ಈಗ ಹಿಂದೆ ತಿರುಗಿ ನೋಡುತ್ತಿರಬೇಕು. ಪೆಟ್ರೋಲ್ ಗಾಡಿಯಾದರೆ ಸದ್ದಾದರೂ ಕೇಳುತ್ತೆ, ಪಕ್ಕಕ್ಕೆ ಸರಿಯಬಹುದು. ಈ ಎಲೆಕ್ಟ್ರಿಕ್ ಗಾಡಿ ಬಂದಿದ್ದು ಗೊತ್ತಾಗೋದು ಮೊಣಕೈ ಸವರಿಕೊಂಡು ಹೋದ ಮೇಲೇ.

ಹಸಿರು ಪ್ಲೇಟ್ ಇರುವ ದೊಡ್ಡ ಸ್ಕೂಟರ್‌ಗಳ ವಿಷಯ ಅಲ್ಲ ನಾನು ಹೇಳ್ತಿರೋದು. ಅವರಲ್ಲೂ ತಲೆಕೆಟ್ಟವರಿದ್ದಾರೆ, ಆದರೆ ಸಿಗ್ನಲ್ ಹಾರಿದರೆ ಕ್ಯಾಮೆರಾ ಹಿಡಿಯುತ್ತೆ, ದಂಡ ಬೀಳುತ್ತೆ. ನನ್ನ ಸಿಟ್ಟು ಪ್ಲೇಟೇ ಇಲ್ಲದ ಪುಟ್ಟ ಗಾಡಿಗಳ ಮೇಲೆ. ಕೇಂದ್ರದ ಮೋಟಾರು ವಾಹನ ನಿಯಮದಲ್ಲಿ ಒಂದು ವಿನಾಯಿತಿ ಇದೆ. ಮೋಟಾರು 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಮೀರದಿದ್ದರೆ ಅದು ಮೋಟಾರು ವಾಹನವೇ ಅಲ್ಲ. ನೋಂದಣಿ ಬೇಡ, ಲೈಸೆನ್ಸ್ ಬೇಡ, ಇನ್ಶೂರೆನ್ಸೂ ಬೇಡ.

25ರಲ್ಲೇ ಹೋಗುವುದಾದರೆ ಸರಿ, ಯಾರೂ ಕೇಳಲ್ಲ. ಆದರೆ ನಮ್ಮ ಏರಿಯಾದ ಒಂದು ಅಂಗಡಿಯಲ್ಲಿ ನಾನೇ ನಿಂತು ನೋಡಿದ್ದೇನೆ. ಮೆಕ್ಯಾನಿಕ್ ಸೀಟು ಎತ್ತಿ, ಒಂದು ಜೋಡಿ ವೈರ್ ಕಿತ್ತು, ಅದರ ತುದಿಗೆ ಕಪ್ಪು ಟೇಪ್ ಸುತ್ತಿದ. ಎರಡು ನಿಮಿಷದ ಕೆಲಸ. 'ಸ್ಪೀಡ್ ಲಾಕ್ ತೆಗ್ದಿದೀನಿ ಸಾರ್, ಈಗ 45 ಆರಾಮಾಗಿ ಹೋಗುತ್ತೆ' ಅಂದ. ಗಾಡಿ ಯಾರಿಗೆ ಅಂತೀರಿ? ಗಾಡಿ ತಂದಿದ್ದ ಅಪ್ಪನ ಪಕ್ಕದಲ್ಲೇ ಸ್ಕೂಲ್ ಯೂನಿಫಾರ್ಮಿನಲ್ಲಿ ನಿಂತಿದ್ದ ಮಗಳಿಗೆ. 25ರಿಂದ 45ಕ್ಕೆ ಏರಿದರೆ ಡಿಕ್ಕಿಯ ಹೊಡೆತ ಮೂರು ಪಟ್ಟಿಗೂ ಜಾಸ್ತಿ, ಬ್ರೇಕು ಟೈರು ಮಾತ್ರ ಅವೇ. ಇನ್ನೊಂದು ವಿಷಯ ಆ ಅಪ್ಪನಿಗೆ ಯಾರೂ ಹೇಳಲಿಲ್ಲ. ಆ ವೈರ್ ಕಿತ್ತ ಕ್ಷಣದಿಂದ ವಿನಾಯಿತಿ ಹೋಯಿತು, ಅದು ಪೂರಾ ಮೋಟಾರು ವಾಹನ. 2019ರ ತಿದ್ದುಪಡಿ ಪ್ರಕಾರ ಅಪ್ರಾಪ್ತರ ಕೈಗೆ ಗಾಡಿ ಕೊಟ್ಟು ಏನಾದರೂ ಆದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

ಡೆಲಿವರಿ ಹುಡುಗರ ವಿಷಯಕ್ಕೆ ಬಂದರೆ ನನಗೂ ಅಯ್ಯೋ ಅನಿಸುತ್ತೆ. ಆರ್ಡರ್ ಲೆಕ್ಕದಲ್ಲಿ ದುಡ್ಡು, ಗಾಡಿಗೆ ಬಾಡಿಗೆ, ಔಟರ್ ರಿಂಗ್ ರೋಡಿನಲ್ಲಿ ಯು-ಟರ್ನ್ ಎಲ್ಲೋ ದೂರದಲ್ಲಿ, ಹಾಗಾಗಿ ಸರ್ವಿಸ್ ರೋಡಿನಲ್ಲಿ ರಾಂಗ್ ಸೈಡ್. ಒಪ್ಪಿದೆ. ಆದರೆ ಲೈಟ್ ಹಾಕದೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಮ್ಯಾಪ್ ಒತ್ತುತ್ತಾ ಫುಟ್‌ಪಾತ್ ಮೇಲೆ ಬರುವುದಕ್ಕೆ ಬಡತನ ಕಾರಣ ಅಲ್ಲ. ಮನೆಯಲ್ಲಿ ಕೂತು ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ಬೇಕು ಅನ್ನುವ ನಮಗೂ ಇದರಲ್ಲಿ ಪಾಲಿದೆ ಬಿಡಿ.

ನಮ್ಮ ಬೀದಿಯ ಒಬ್ಬ ಅಜ್ಜಿಗೆ ತರಕಾರಿ ಗಾಡಿ ಹತ್ತಿರ ಇಂಥದ್ದೇ ಒಂದು ಗುದ್ದಿ ಮಣಿಕಟ್ಟು ಮುರಿಯಿತು. ಹುಡುಗ ಎಬ್ಬಿಸಿ ಕೂರಿಸಿದ, ಸಾರಿ ಅಜ್ಜಿ ಅಂದ, ಹೊರಟುಹೋದ. ದೂರು ಕೊಡಲು ಹೋದರೆ ಮೊದಲ ಪ್ರಶ್ನೆಯೇ ಗಾಡಿ ನಂಬರ್ ಏನು ಅಂತ. ಏನು ಹೇಳೋದು? ಆಪರೇಷನ್ ಖರ್ಚು ಮಗನೇ ಕೊಟ್ಟ, ಯಾಕಂದ್ರೆ ಕ್ಲೇಮ್ ಮಾಡೋಣ ಅಂದರೆ ಆ ಕಡೆ ಇನ್ಶೂರೆನ್ಸೇ ಇಲ್ಲ.

ಬಾಡಿಗೆಗೆ ಕೊಡುವ ಕಂಪನಿಗಳಿಗೆ ಗಾಡಿ ಯಾವ ಬೀದಿಯಲ್ಲಿದೆ, ಬ್ಯಾಟರಿ ಎಷ್ಟು ಉಳಿದಿದೆ ಎಲ್ಲ ಗೊತ್ತಾಗುತ್ತೆ, ರಾಂಗ್ ಸೈಡಿನಲ್ಲಿ ಹೋಗ್ತಿದೆ ಅನ್ನೋದು ಮಾತ್ರ ಗೊತ್ತಾಗಲ್ವಂತೆ! 25ರ ಗಾಡಿಗೆ ಲೈಸೆನ್ಸ್ ಬೇಡದಿದ್ದರೆ ಬೇಡ. ದೂರದಿಂದ ಓದಬಹುದಾದ ಒಂದು ನಂಬರ್, ಒಂದು ಥರ್ಡ್ ಪಾರ್ಟಿ ಇನ್ಶೂರೆನ್ಸ್, ಇವೆರಡನ್ನು ಕಡ್ಡಾಯ ಮಾಡಲಿ. ಆ ವೈರ್ ಕೀಳುವ ಅಂಗಡಿಗಳಿಗೆ ಬೀಗ ಹಾಕಲಿ.