ಜಾನ್ ಜಾನ್ಸನ್ ಓಡಾಡಿದ ಹುಲ್ಲು

ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ ನಾರ್ಥಾಂಪ್ಟನ್. ಪ್ರವಾಸಿಗರು ಹುಡುಕಿಕೊಂಡು ಹೋಗುವ ಊರಲ್ಲ. ನನಗೆ ಮಾತ್ರ ಅಲ್ಲಿಗೆ ಹೋಗಲೇಬೇಕಿತ್ತು. ಐದು ಋತುಗಳ ಕಾಲ ನಮ್ಮ ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿಯ ರಕ್ಷಣೆಯ ಬೆನ್ನೆಲುಬಾಗಿದ್ದ ಜಾನ್ ಜಾನ್ಸನ್ 2013ರಲ್ಲಿ ನಮ್ಮೂರಿಗೆ ಬಂದದ್ದು ಇಲ್ಲಿಂದಲೇ.

ಮೊದಲು ಕೌಂಟಿ ಕ್ರಿಕೆಟ್ ಮೈದಾನಕ್ಕೆ ಹೋದೆ. 1994ರವರೆಗೆ ಊರಿನ ಫುಟ್‌ಬಾಲ್ ತಂಡವೂ ಇಲ್ಲೇ ಆಡುತ್ತಿತ್ತು. ಅದು ಜಾಗ ಖಾಲಿ ಮಾಡಿದ ಮರುವರ್ಷ ನಮ್ಮ ಅನಿಲ್ ಕುಂಬ್ಳೆ ಈ ಕೌಂಟಿಗೆ ಆಡಿ, ಒಂದೇ ಋತುವಿನಲ್ಲಿ 105 ವಿಕೆಟ್ ಕಿತ್ತರು. ಬೇಲಿಯಾಚೆ ನಿಂತು ಆ ಹಸಿರನ್ನು ನೋಡುವಾಗ ದೂರದ ನೆಂಟರ ಮನೆಗೆ ಬಂದಂತಾಯಿತು.

ಚಪ್ಪಲಿ, ಬೂಟುಗಳಿಗೆ ಹೆಸರಾದ ಊರು ಇದು. ತಂಡದ ಅಡ್ಡಹೆಸರು ಕಾಬ್ಲರ್ಸ್ ಎಂದರೂ ಜೋಡು ಹೊಲಿಯುವವರು ಎಂದೇ ಅರ್ಥ. ತಂಡ ಈಗ ಆಡುವ, ಊರಂಚಿನ ಸಿಕ್ಸ್‌ಫೀಲ್ಡ್ಸ್ ಕ್ರೀಡಾಂಗಣದ ಹೊರಗೆ ವಾಲ್ಟರ್ ಟಲ್ ಅವರ ಸ್ಮಾರಕವಿದೆ. ಇಂಗ್ಲೆಂಡಿನ ಮೊದಲ ಕಪ್ಪು ವೃತ್ತಿಪರ ಆಟಗಾರರಲ್ಲಿ ಒಬ್ಬರಾದ ಅವರು ಈ ತಂಡಕ್ಕೆ ನೂರಕ್ಕೂ ಹೆಚ್ಚು ಪಂದ್ಯ ಆಡಿ, 1918ರಲ್ಲಿ ಫ್ರಾನ್ಸಿನ ರಣಾಂಗಣದಲ್ಲಿ ಮಡಿದರು. ಅಲ್ಲಿ ಸ್ವಲ್ಪ ಹೊತ್ತು ತಲೆಬಾಗಿಸಿ ನಿಂತೆ.

ಶನಿವಾರ ಮೂರು ಗಂಟೆ, ತುಂತುರು ಮಳೆ. ಎಂಟು ಸಾವಿರದಷ್ಟು ಜನ ಹಿಡಿಸುವ ಈ ಕ್ರೀಡಾಂಗಣ ನನಗೆ ಅಶೋಕನಗರದ ನಮ್ಮ ಫುಟ್‌ಬಾಲ್ ಮೈದಾನವನ್ನು ನೆನಪಿಸಿತು. ಮುಂದಿನ ಸಾಲಿನಲ್ಲಿ ಕೂತರೆ ಆಟಗಾರರ ಏದುಸಿರು ಕೇಳಿಸುತ್ತದೆ. ಎದುರಾಳಿಗಳು ಮೇಲಕ್ಕೆತ್ತಿ ಹೊಡೆದ ಚೆಂಡಿಗೆ ರಕ್ಷಕನೊಬ್ಬ ಹಾರಿ ತಲೆ ಕೊಟ್ಟ. ಒದ್ದೆ ಚೆಂಡು ಹಣೆಗೆ ಬಡಿದು 'ದಪ್' ಎಂದಿತು. ಹಣೆಯ ಕೆಸರನ್ನು ತೋಳಿನಿಂದ ಒರೆಸಿಕೊಂಡು ಅವನು ತನ್ನ ಜಾಗಕ್ಕೆ ಓಡಿದ. ಅಂಕಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ. ಆದರೂ ಗೋಲಿಗೆ ತಟ್ಟುವಷ್ಟೇ ಜೋರಾಗಿ ಜನ ಚಪ್ಪಾಳೆ ತಟ್ಟಿದರು.

ಜಾನ್ಸನ್ ಬೆಳೆದದ್ದು ಇಂಥ ಆಟದಲ್ಲಿ. ಹುಟ್ಟೂರು ಮಿಡಲ್ಸ್‌ಬರೋ, ಅಲ್ಲಿಯ ದೊಡ್ಡ ಕ್ಲಬ್ಬಿನಲ್ಲೇ ಕಲಿತರೂ ಅದರ ಹಿರಿಯರ ತಂಡದಲ್ಲಿ ನೆಲೆ ಸಿಗಲಿಲ್ಲ. ಎರವಲಾಗಿ ಬೇರೆ ತಂಡಗಳಿಗೆ ಹೋಗಿ, ಕೊನೆಗೆ ನಾಲ್ಕನೇ ದರ್ಜೆಯಲ್ಲಿದ್ದ ನಾರ್ಥಾಂಪ್ಟನ್ನಿನಲ್ಲಿ ನಿಂತರು. ಆಮೇಲೆ ಆಗಷ್ಟೇ ಹುಟ್ಟಿದ್ದ ಕ್ಲಬ್ಬೊಂದನ್ನು ನಂಬಿ ಬೆಂಗಳೂರಿಗೆ ಬಂದರು. ಮೊದಲ ವರ್ಷವೇ ದೇಶದ ಅಂದಿನ ಅಗ್ರ ಲೀಗ್ ಆಗಿದ್ದ ಐ-ಲೀಗ್ ಕಿರೀಟ. 2016ರಲ್ಲಿ ಮತ್ತೊಮ್ಮೆ. ಅದೇ ವರ್ಷ ದೋಹಾದಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್. ಇರಾಕಿನ ಏರ್ ಫೋರ್ಸ್ ಕ್ಲಬ್ಬಿಗೆ ಒಂದೇ ಗೋಲಿನಿಂದ ಸೋತೆವು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಗೋಲು ಹೊಡೆಯುವ ಸುನಿಲ್ ಚೆಟ್ರಿಯವರ ಹೆಸರು ನಾಡಿಗೆಲ್ಲ ಗೊತ್ತು. ಅವರ ಬೆನ್ನ ಹಿಂದೆ ನಿಂತು ಚೆಂಡನ್ನು ತಡೆದವರ ಹೆಸರೂ ಅಷ್ಟೇ ಜನರಿಗೆ ಗೊತ್ತಿರಬೇಕು ಎಂಬುದು ನನ್ನ ಹಟ.

ವಿರಾಮದಲ್ಲಿ ಪಕ್ಕದ ಅಜ್ಜ ಎಲ್ಲಿಂದ ಬಂದೆ ಎಂದು ಕೇಳಿದರು. ಬೆಂಗಳೂರು ಎಂದೆ, ಜಾನ್ಸನ್ ಹೆಸರು ಹೇಳಿದೆ. ಅವರು ತಮ್ಮ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ನನ್ನ ಕೈಗಿಟ್ಟು, "ಅಲ್ಲಿಯ ಜನ ಅವನನ್ನು ಚೆನ್ನಾಗಿ ನೋಡಿಕೊಂಡರೇ?" ಎಂದು ಕೇಳಿದರು.

ಮನೆಯ ಹುಡುಗನಂತೆ ನೋಡಿಕೊಂಡೆವು ಎಂದೆ.